ಪ್ಯಾಚ್ ತೆಗೆದಾಯ್ತು, ಇನ್ನೇನು? ಸೋಮಾರಿ ಕಣ್ಣಿನ ಮಕ್ಕಳ ಆಳದ ನೋಟಕ್ಕೊಂದು ಮಾರ್ಗದರ್ಶಿ

ನಮ್ಮ ಮಗಳ ಎಡಗಣ್ಣು ಸೋಮಾರಿ ಕಣ್ಣು, ಅಂದರೆ ನೋಟದಲ್ಲಿ ಹಿಂದೆ ಬಿದ್ದದ್ದು. ಅದಕ್ಕೆಂದು ಒಳ್ಳೆ ಕಣ್ಣಿಗೆ ಅಂಟಿಸುತ್ತಿದ್ದ ಪ್ಯಾಚ್ ಅವಳಿಗೆ ಏಳು ತುಂಬಿದ ಮಳೆಗಾಲದಲ್ಲಿ ನಿಂತಿತು. ಎಡಗಣ್ಣಿನ ದೃಷ್ಟಿ 6/24ರಿಂದ 6/9ಕ್ಕೆ ಬಂದಿತ್ತು (ಸಾಮಾನ್ಯ ದೃಷ್ಟಿ 6/6). ಬದಿಯಡ್ಕ ಪೇಟೆಯಲ್ಲಿ ಲಡ್ಡು ತಗೊಂಡೇ ಮನೆಗೆ ಬಂದೆವು. ಅದೇ ಸಂಜೆ ಅಜ್ಜಿ ಅವಳ ಕೈಗೆ ಗಿಂಡಿ ಕೊಟ್ಟು, "ಲೋಟಕ್ಕೆ ನೀರು ಎರೆ ಮಗಾ" ಎಂದರು. ಗಿಂಡಿಯ ಕೊಕ್ಕು ಲೋಟದ ಅಂಚಿನಿಂದ ಎರಡು ಬೆರಳು ಈಚೆ ನಿಂತಿತು. ನೀರೆಲ್ಲ ಚಾವಡಿಯ ನೆಲಕ್ಕೆ. ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ. ತೋಡಿನ ಮೇಲಿನ ಅಡಿಕೆ ಮರದ ಸಂಕವನ್ನು ಅವಳು ಕೂತುಕೊಂಡೇ ದಾಟುತ್ತಿದ್ದದ್ದು ಆಗ ನೆನಪಾಯಿತು. ಹೆದರುಪುಕ್ಕಲಿ ಅಂತ ಸುಮ್ನೆ ಬಿಟ್ಟಿದ್ದೆವು.

6/9 ಅನ್ನುವುದು ಒಂದೊಂದೇ ಕಣ್ಣು ಮುಚ್ಚಿ ನೋಡಿದ ಅಳತೆ. ಲೋಟ ಎಷ್ಟು ದೂರದಲ್ಲಿದೆ ಅಂತ ಹೇಳುವುದು ಎರಡೂ ಕಣ್ಣು ಸೇರಿ ಮಾಡುವ ಕೆಲಸ. ಮೊದಲನೆಯದು ಸರಿಯಾದರೆ ಎರಡನೆಯದು ತಾನಾಗಿ ಬಂದೇ ಬರುತ್ತದೆ ಅಂತ ಇಲ್ಲ. ಆವತ್ತು ನಾವು ಹೋದ ಕಡೆ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಡಾಕ್ಟರಲ್ಲ. ಎರಡು ವರ್ಷ ಓಡಾಡಿ, ಕೇಳಿ, ಓದಿ ತಿಳಿದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಕಾಸರಗೋಡು, ಮಂಜೇಶ್ವರ ಕಡೆಯ ತಂದೆ ತಾಯಿಯರಿಗೆ ಜಾಸ್ತಿ ಉಪಯೋಗವಾದೀತು.

ಮೊದಲು: ಆಳದ ನೋಟ ಅಂದರೆ ಎಂತದು?

ಮೂಗಿನ ಮುಂದೆ ಒಂದು ಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ. ಬೆರಳು ಆಚೀಚೆ ಹಾರಿದ ಹಾಗೆ ಕಾಣುತ್ತದೆ. ಎರಡು ಕಣ್ಣಿನ ನಡುವೆ ಐದಾರು ಸೆಂಟಿಮೀಟರ್ ಅಂತರ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಚಿತ್ರ ಸಿಗುತ್ತದೆ. ಮಿದುಳು ಆ ಚೂರು ವ್ಯತ್ಯಾಸವನ್ನು ಲೆಕ್ಕ ಹಾಕಿ ಹತ್ತಿರ, ದೂರ ಹೇಳುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಕನ್ನಡಿಗಳನ್ನು ಜೋಡಿಸಿ, ಎರಡು ಚಪ್ಪಟೆ ಚಿತ್ರಗಳಿಂದಲೇ ಉಬ್ಬಿದ ನೋಟ ಹುಟ್ಟಿಸಿ ಇದನ್ನು ತೋರಿಸಿದ. ಇದಕ್ಕೆ ಸ್ಟೀರಿಯೊ ನೋಟ ಅನ್ನುತ್ತಾರೆ.

ಸೋಮಾರಿ ಕಣ್ಣಿನಲ್ಲಿ ಕಣ್ಣು ಸೋಮಾರಿ ಅಲ್ಲವೇ ಅಲ್ಲ, ಹೆಸರೇ ತಪ್ಪು. ಒಂದು ಕಣ್ಣಿನ ಪವರ್ ಜಾಸ್ತಿ ಇರುತ್ತದೆ, ಇಲ್ಲವೇ ಮೆಳ್ಳೆ ಇರುತ್ತದೆ, ಇಲ್ಲವೇ ಹುಟ್ಟಿನಿಂದ ಪೊರೆಯೋ ಜೋತುಬಿದ್ದ ರೆಪ್ಪೆಯೋ ಅಡ್ಡ ಬಂದಿರುತ್ತದೆ. ಆ ಕಣ್ಣಿನ ಮಸುಕು ಚಿತ್ರವನ್ನು ಮಿದುಳು ಪಕ್ಕಕ್ಕೆ ತಳ್ಳುತ್ತದೆ. ಪ್ಯಾಚ್ ಮಾಡುವುದು ಏನು? ಒಳ್ಳೆ ಕಣ್ಣನ್ನು ಮುಚ್ಚಿ, ತಳ್ಳಿಸಿಕೊಂಡ ಕಣ್ಣಿಗೆ ಒಂಟಿಯಾಗಿ ಕೆಲಸ ಕೊಡುವುದು. ಆದರೆ ಪ್ಯಾಚ್ ಹಾಕಿದಷ್ಟು ಹೊತ್ತು ಎರಡು ಕಣ್ಣು ಸೇರಿ ಕೆಲಸ ಮಾಡುವುದೇ ಇಲ್ಲವಲ್ಲ. ಸೇರಿ ಮಾಡುವ ಪಾಠ ಆಮೇಲೆ ಶುರುವಾಗಬೇಕು.

ಎಲ್ಲ ಮಕ್ಕಳಿಗೂ ಒಂದೇ ಫಲ ಸಿಗುವುದಿಲ್ಲ. ಪವರ್ ವ್ಯತ್ಯಾಸದಿಂದ ಬಂದ ಸೋಮಾರಿ ಕಣ್ಣಿನವರಲ್ಲಿ ಆಳದ ನೋಟ ಸ್ವಲ್ಪವಾದರೂ ಉಳಿದಿರುವುದು ಸಾಮಾನ್ಯ, ಚಿಕಿತ್ಸೆಯ ಜೊತೆಗೆ ಸುಧಾರಿಸುವುದೂ ಉಂಟು. ಮೆಳ್ಳೆಗಣ್ಣಿನಿಂದ ಬಂದದ್ದು ಕಷ್ಟದ್ದು. ಅದರಲ್ಲೂ ಹುಟ್ಟಿದ ಕೆಲವೇ ತಿಂಗಳಲ್ಲಿ ಮೆಳ್ಳೆ ಶುರುವಾಗಿದ್ದರೆ ಇನ್ನೂ ಕಷ್ಟ. ಯಾಕೆಂದರೆ ಮಗುವಿಗೆ ಈ ನೋಟ ಮೊಳೆಯುವುದೇ ಮೂರರಿಂದ ಐದು ತಿಂಗಳ ಹೊತ್ತಿಗೆ. ನಿಮ್ಮ ಮಗು ಯಾವ ಗುಂಪಿನದ್ದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಅಳತೆ ಮಾಡಿಸಿ, ಸಂಖ್ಯೆ ಬರೆಸಿಕೊಳ್ಳಿ

ಕಾಸರಗೋಡಿನಲ್ಲೋ, ತಲಪಾಡಿ ದಾಟಿ ಮಂಗಳೂರಿನಲ್ಲೋ, ಎಲ್ಲಿ ಹೋದರೂ ಮಕ್ಕಳ ಕಣ್ಣು ನೋಡಿ ಅಭ್ಯಾಸ ಇರುವವರ ಹತ್ತಿರ ಹೋಗಿ, "ಸ್ಟೀರಿಯೊ ಟೆಸ್ಟ್ ಮಾಡಿ" ಅಂತ ಬಾಯಿ ಬಿಟ್ಟು ಕೇಳಿ. ಐದು ನಿಮಿಷದ ಕೆಲಸ. ನೋವಿಲ್ಲ, ಡ್ರಾಪ್ಸ್ ಇಲ್ಲ. ಪವರ್ ನೋಡಲು ಡ್ರಾಪ್ಸ್ ಹಾಕುವುದಿದ್ದರೆ ಅದಕ್ಕಿಂತ ಮೊದಲೇ ಈ ಟೆಸ್ಟ್ ಆಗಬೇಕು. ಡ್ರಾಪ್ಸ್ ಬಿದ್ದ ಮೇಲೆ ಹತ್ತಿರದ್ದೆಲ್ಲ ಮಂಜು ಮಂಜು.

ಹೆಚ್ಚಿನ ಕಡೆ ಇರುವುದು ನೊಣದ ಪುಸ್ತಕ, ಟಿಟ್ಮಸ್ ಟೆಸ್ಟ್. ಮಗುವಿನ ಕನ್ನಡಕದ ಮೇಲೆ ಇನ್ನೊಂದು ಕಪ್ಪು ಪೋಲರಾಯ್ಡ್ ಕನ್ನಡಕ ಇಟ್ಟು, 40 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿಯುತ್ತಾರೆ. ಅಂಗೈ ಅಗಲದ ಒಂದು ನೊಣ. "ರೆಕ್ಕೆ ಹಿಡಿ ನೋಡುವಾ" ಅನ್ನುತ್ತಾರೆ. ಆಳದ ನೋಟ ಇರುವ ಮಗುವಿನ ಬೆರಳು ಕಾಗದ ಮುಟ್ಟುವುದಿಲ್ಲ, ಗಾಳಿಯಲ್ಲೇ ಚಿವುಟುತ್ತದೆ. ಇಲ್ಲದ ಮಗು ಸೀದಾ ಕಾಗದದ ಮೇಲೆ ಬೆರಳಿಡುತ್ತದೆ. ಆಮೇಲೆ ನಾಲ್ಕು ನಾಲ್ಕು ವೃತ್ತಗಳ ಗುಂಪು. ಪ್ರತಿ ಗುಂಪಿನಲ್ಲಿ ಒಂದು ಮಾತ್ರ ಎದ್ದು ಬಂದಿರುತ್ತದೆ.

ರಿಪೋರ್ಟಿನಲ್ಲಿ ಬರುವ ಸಂಖ್ಯೆ ಆರ್ಕ್ ಸೆಕೆಂಡಿನದ್ದು. ಕೋನದ ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು. ಸಂಖ್ಯೆ ಕಡಿಮೆ ಆದಷ್ಟೂ ಒಳ್ಳೆಯದು, ಇದು ತಲೆಕೆಳಗಾದ ಮಾರ್ಕು. ನೊಣ ಸುಮಾರು 3,000. ವೃತ್ತಗಳು 800ರಿಂದ 40ರವರೆಗೆ. ಇದನ್ನು ಮನೆಯ ಅಳತೆಗೆ ತಂದರೆ ಹೀಗೆ: ಪುಸ್ತಕದಷ್ಟು ದೂರದಲ್ಲಿ 40 ಅಂದರೆ ಸುಮಾರು ಅರ್ಧ ಮಿಲಿಮೀಟರಿನ ಏರುತಗ್ಗು ಗೊತ್ತಾಗುತ್ತದೆ. 400 ಅಂದರೆ ಅರ್ಧ ಸೆಂಟಿಮೀಟರ್ ಬೇಕು. ದೂರ ಹೋದ ಹಾಗೆ ಈ ತಪ್ಪು ದೂರದ ವರ್ಗದಷ್ಟು ಬೆಳೆಯುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು. ಅದೇ 400ರ ಮಗುವಿಗೆ ಮೂರು ಮೀಟರ್ ದೂರದಲ್ಲಿ, ಈ ನೋಟವೊಂದನ್ನೇ ನಂಬಿದರೆ, 30 ಸೆಂಟಿಮೀಟರ್ ಆಚೀಚೆಯ ವ್ಯತ್ಯಾಸವೇ ತಿಳಿಯುವುದಿಲ್ಲ. ಬಾಲ್ ಹಿಡಿಯಲು ಯಾಕೆ ತಡಬಡಾಯಿಸುತ್ತದೆ ಅಂತ ಈಗ ಗೊತ್ತಾಯ್ತು ಅಲ್ವಾ?

ಇಲ್ಲಿ ನಮ್ಮೂರಿನದ್ದೇ ಒಂದು ತೊಡಕು ಉಂಟು. ನಮ್ಮವಳು ಕನ್ನಡ ಮೀಡಿಯಂ. ಟೆಸ್ಟ್ ಮಾಡಿದ ಹುಡುಗಿಗೆ ಮಲಯಾಳ ಮಾತ್ರ ಬರುತ್ತಿತ್ತು. ಯಾವುದು ಪೊಂತಿ (ಎದ್ದು) ನಿಂತಿದೆ ಅಂತ ಅವಳು ಕೇಳಿದರೆ ಇವಳು ನನ್ನ ಮುಖ ನೋಡುತ್ತಾಳೆ. ಮೊದಲ ಸಲ ನೊಣವೇ ಕಾಣುವುದಿಲ್ಲ ಅಂತ ಬರೆದು ಬಿಟ್ಟರು! ಎರಡನೇ ಸಲ ಮನೆಯಲ್ಲೇ ತಯಾರಿ ಮಾಡಿಸಿ ಹೋದೆ. ಮೇಜಿನ ಮೇಲೆ ನಾಲ್ಕು ಅಂಗಿ ಗುಂಡಿ ಇಟ್ಟು, ಒಂದರ ಕೆಳಗೆ ಬೆಂಕಿಪೆಟ್ಟಿಗೆ ಇಟ್ಟು, "ಯಾವುದು ಮೇಲೆ ಎದ್ದಿದೆ?" ಅಂತ ಆಟ ಆಡಿಸಿದೆ. ಪ್ರಶ್ನೆ ಅರ್ಥವಾಗುವಷ್ಟು ಮಾತ್ರ. ಆಸ್ಪತ್ರೆಯಲ್ಲಿ ನಾನೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕೇಳಿದೆ. ನೊಣದ ರೆಕ್ಕೆಯನ್ನು ಗಾಳಿಯಲ್ಲಿ ಚಿವುಟಿ "ಛೀ" ಅಂದಳು. ವೃತ್ತದಲ್ಲಿ 400. ಉತ್ತರವನ್ನು ಮಾತ್ರ ಹೇಳಿಕೊಡಬೇಡಿ. ಮಕ್ಕಳು ಜಾಣರು, ಯಾವ ವೃತ್ತ ಸ್ವಲ್ಪ ಪಕ್ಕಕ್ಕೆ ಜರುಗಿದೆ ಅಂತ ಒಂದೇ ಕಣ್ಣಿನಲ್ಲಿ ನೋಡಿಯೂ ದೊಡ್ಡ ಸಂಖ್ಯೆಯ ಗುಂಪುಗಳನ್ನು ಊಹಿಸುತ್ತಾರೆ. ಅದಕ್ಕೇ ಕೆಲವರು ಪುಸ್ತಕ ತಿರುಗಿಸಿ ಮತ್ತೆ ಕೇಳುತ್ತಾರೆ. ಲ್ಯಾಂಗ್ ಕಾರ್ಡ್ ಅನ್ನುವ ಇನ್ನೊಂದು ಟೆಸ್ಟಿಗೆ ಕಪ್ಪು ಕನ್ನಡಕವೇ ಬೇಡ, ಸಣ್ಣ ಮಕ್ಕಳಿಗೆ ಸಲೀಸು.

ಮನೆಯಲ್ಲೊಂದು ಎರಡು ಪೆನ್ಸಿಲ್ ಪರೀಕ್ಷೆ

ಇದು ಒರಟು ಪರೀಕ್ಷೆ. ಆಸ್ಪತ್ರೆಯ ಟೆಸ್ಟಿಗೆ ಬದಲಿ ಅಲ್ಲ. ಎರಡು ಕೊರೆಯದ ಪೆನ್ಸಿಲ್ ಬೇಕು, ಚೂಪು ತುದಿ ಖಂಡಿತ ಬೇಡ. ಮಗುವಿನ ಎದುರು ಕೂತು ಒಂದನ್ನು ನೆಟ್ಟಗೆ ಹಿಡಿಯಿರಿ. ಮಗು ಇನ್ನೊಂದನ್ನು ಮೇಲಿನಿಂದ ಇಳಿಸಿ ನಿಮ್ಮ ಪೆನ್ಸಿಲಿನ ತುದಿಗೆ ತುದಿ ತಾಗಿಸಬೇಕು, ಒಂದೇ ಸಲಕ್ಕೆ, ತಡವರಿಸದೆ. ಕನ್ನಡಕ ಇರಲಿ. ಎರಡೂ ಕಣ್ಣು ಬಿಟ್ಟು ಹತ್ತು ಸಲ, ಒಂದು ಕಣ್ಣು ಮುಚ್ಚಿ ಹತ್ತು ಸಲ. ಪ್ರತಿ ಸಲ ನಿಮ್ಮ ಕೈಯ ಜಾಗ ಸ್ವಲ್ಪ ಬದಲಿಸಿ.

ಎರಡು ಕಣ್ಣಿನಲ್ಲಿ ಎಂಟು ಸರಿ, ಒಂದು ಕಣ್ಣಿನಲ್ಲಿ ಮೂರು ಸರಿ ಅಂತಾದರೆ ಒಳ್ಳೆ ಸುದ್ದಿ, ಎರಡನೇ ಕಣ್ಣು ಕೆಲಸಕ್ಕೆ ಬರುತ್ತಿದೆ. ಎರಡರಲ್ಲೂ ಒಂದೇ ತರಹ ತಪ್ಪಿದರೆ ಆಳದ ನೋಟ ಕಡಿಮೆ ಇರಬಹುದು. ತಿಂಗಳಿಗೊಂದು ಸಲ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ ಸಾಕು. ದಿನಾ ಮಾಡಿದರೆ ಅದೊಂದು ಕಸರತ್ತಾಗಿ, ಮಗು ಪೆನ್ಸಿಲ್ ಮುಟ್ಟಿಸುವುದರಲ್ಲಿ ಮಾತ್ರ ಹುಷಾರಾಗುತ್ತದೆ.

ಅಡಿಪಾಯ: ಕನ್ನಡಕ ಇಳಿಸಬೇಡಿ

ಪ್ಯಾಚ್ ನಿಂತ ಕೂಡಲೇ ಕನ್ನಡಕವನ್ನೂ ಬಿಡುವವರು ಬಹಳ ಜನ. ಹಾಗೆ ಮಾಡಬೇಡಿ. ಎರಡು ಕಣ್ಣಿಗೂ ಸ್ಪಷ್ಟ ಚಿತ್ರ ಸಿಗದಿದ್ದರೆ ಮಿದುಳು ಎರಡನ್ನು ಹೋಲಿಸುವುದಾದರೂ ಹೇಗೆ? ಕೆಲವು ಮಕ್ಕಳಿಗೆ ಬರೀ ಕನ್ನಡಕದಿಂದಲೇ ನಾಲ್ಕು ತಿಂಗಳೊಳಗೆ ಸೋಮಾರಿ ಕಣ್ಣು ಎಷ್ಟೋ ಸುಧಾರಿಸುತ್ತದೆ, ಅಷ್ಟು ಶಕ್ತಿ ಅದಕ್ಕಿದೆ. ಎರಡು ಕಣ್ಣಿನ ಪವರ್ ನಡುವೆ ತುಂಬಾ ಅಂತರ ಇದ್ದರೆ ಕನ್ನಡಕದಲ್ಲಿ ಒಂದು ಕಣ್ಣಿಗೆ ಚಿತ್ರ ದೊಡ್ಡದು, ಇನ್ನೊಂದಕ್ಕೆ ಸಣ್ಣದು ಕಾಣುವುದುಂಟು. ಅಂಥವರಿಗೆ ಕಾಂಟ್ಯಾಕ್ಟ್ ಲೆನ್ಸ್ ಆಗುತ್ತದಾ ಅಂತ ಕೇಳಿ ನೋಡಿ.

ಸೋಮಾರಿ ಕಣ್ಣು ಮರಳಿ ಬರುವುದೂ ಉಂಟು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ದೃಷ್ಟಿ ಮತ್ತೆ ಇಳಿದಿತ್ತು. ಪ್ಯಾಚನ್ನು ಒಮ್ಮೆಗೇ ನಿಲ್ಲಿಸುವ ಬದಲು ಗಂಟೆ ಕಡಿಮೆ ಮಾಡುತ್ತಾ ಬಂದರೆ ಒಳ್ಳೆಯದು ಅಂತ ಹೇಳುವುದು ಇದಕ್ಕೇ. ಆ ನಿರ್ಧಾರ ಡಾಕ್ಟರದ್ದು, ನಮ್ಮದಲ್ಲ.

ಇನ್ನೂ ಪ್ಯಾಚ್ ನಡೆಯುತ್ತಿದ್ದರೆ ಆ ಹೊತ್ತಿನಲ್ಲಿ ಸಂಕ, ಸೈಕಲ್, ಕೆರೆಯ ಮೆಟ್ಟಿಲು ಬೇಡ. ಅಂಗಳದಲ್ಲಿ ಕೂತು ಆಡುವ ಆಟ ಇರಲಿ. ಮೆಳ್ಳೆ ಇನ್ನೂ ಇದ್ದರೆ, ಕೆಳಗೆ ಹೇಳುವ ಅಭ್ಯಾಸಕ್ಕಿಂತ ಮೊದಲು ಕಣ್ಣುಗಳು ಒಂದೇ ಕಡೆ ನೋಡುವಂತಾಗಬೇಕು. ಅದಕ್ಕೆ ಕನ್ನಡಕವೋ, ಬೆಳಕನ್ನು ಬಾಗಿಸುವ ಪ್ರಿಸಮ್ ಗಾಜೋ, ಆಪರೇಷನ್ನೋ ಅಂತ ಅವರೇ ಹೇಳುತ್ತಾರೆ. ಆಪರೇಷನ್ ಕಣ್ಣನ್ನು ನೇರ ಮಾಡುತ್ತದೆ. ಆಳದ ನೋಟದ ಗ್ಯಾರಂಟಿ ಕೊಡುವುದಿಲ್ಲ.

ದಾರ ಮತ್ತು ಮಣಿ

ಇದು ಫ್ರೆಡರಿಕ್ ಬ್ರಾಕ್ ಎಂಬ ಆಪ್ಟೋಮೆಟ್ರಿಸ್ಟನ (ದೃಷ್ಟಿ ಪರೀಕ್ಷಿಸುವ ತಜ್ಞನ) ಹೆಸರಿನ ಅಭ್ಯಾಸ. ನೋಡಲು ಮಕ್ಕಳಾಟ. ಆದರೆ ಆಪ್ಟೋಮೆಟ್ರಿಸ್ಟ್ ನೋಡಿ ಒಪ್ಪಿದ ಮೇಲೆಯೇ ಶುರು ಮಾಡಿ. ಯಾಕೆಂದರೆ ಕೆಲವು ಮಕ್ಕಳ ಮಿದುಳಿಗೆ ಎರಡು ಚಿತ್ರ ಸೇರಿಸುವ ತಾಕತ್ತೇ ಇರುವುದಿಲ್ಲ. ಅಂಥ ಮಗುವಿನಲ್ಲಿ ಒತ್ತಾಯದಿಂದ ಎರಡನೇ ಕಣ್ಣನ್ನು ಎಬ್ಬಿಸಿದರೆ ಎಲ್ಲವೂ ಎರಡೆರಡಾಗಿ ಕಾಣಲು ಶುರುವಾಗಿ, ಅದು ಹೋಗದೆ ಉಳಿಯಬಹುದು. ಮೊಬೈಲಿನಲ್ಲಿ ನೋಡಿ ಯಾರೋ ಮಾಡಿಸಿದರು ಅಂತ ಮಾಡಿಸುವ ಅಭ್ಯಾಸ ಇದಲ್ಲ.

ಒಪ್ಪಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಒಂದೂವರೆ ಮೀಟರ್ ಬಿಳಿ ದಾರ, ಬೇರೆ ಬೇರೆ ಬಣ್ಣದ ಮೂರು ಮಣಿ. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಇನ್ನೊಂದು ತುದಿಯನ್ನು ಮಗು ಮೂಗಿನ ತುದಿಗೆ ಬಿಗಿಯಾಗಿ ಹಿಡಿಯಬೇಕು. ಒಂದು ಮಣಿ ಗೇಣು ದೂರ, ಒಂದು ಮೊಳ ದೂರ, ಒಂದು ಕಿಟಕಿಯ ಹತ್ತಿರ.

ನಡುವಿನ ಮಣಿಯನ್ನೇ ನೋಡು ಅನ್ನಿ. ಎರಡು ಕಣ್ಣೂ ಕೆಲಸ ಮಾಡುತ್ತಿದ್ದರೆ ಆ ಮಣಿ ಒಂದೇ ಕಾಣುತ್ತದೆ, ಉಳಿದೆರಡು ಮಣಿ ಎರಡೆರಡು ಕಾಣುತ್ತವೆ. ದಾರ ಎರಡಾಗಿ ಮಣಿಯ ಹತ್ತಿರ ಕತ್ತರಿಯ ಹಾಗೆ ಅಡ್ಡ ಹಾಯುತ್ತದೆ. ಇಲ್ಲಿ ಎರಡು ಕಾಣುವುದೇ ಸರಿ! ನಾನು ಮೊದಲ ದಿನ ಗಾಬರಿಯಾಗಿ ನಿಲ್ಲಿಸಿಬಿಟ್ಟಿದ್ದೆ. ದಾರ ಒಂದೇ ಕಂಡರೆ ಒಂದು ಕಣ್ಣು ಆ ಹೊತ್ತಿಗೆ ಮಲಗಿದೆ ಅಂತ ಅರ್ಥ. ಕಣ್ಣು ಪಿಳಿಪಿಳಿ ಮಾಡಿಸಿ, ಮಣಿಯನ್ನು ಸ್ವಲ್ಪ ಹತ್ತಿರ ತಂದು ನೋಡಿ. ಕತ್ತರಿ ಮಣಿಗಿಂತ ಈಚೆ ಬಿದ್ದರೆ ಕಣ್ಣುಗಳು ಮಣಿಗಿಂತ ಹತ್ತಿರ ನೋಡುತ್ತಿವೆ, ಆಚೆ ಬಿದ್ದರೆ ದೂರ ನೋಡುತ್ತಿವೆ. ಮಗುವಿಗೆ ಕಂಡದ್ದನ್ನು ಕಾಗದದಲ್ಲಿ ಚಿತ್ರ ಬರೆಯಲು ಹೇಳಿ, ಬಾಯಿಮಾತಿಗಿಂತ ಅದು ನಂಬಿಕೆಯದ್ದು. ಐದು ನಿಮಿಷ ಸಾಕು. ತಲೆನೋವು ಅಂದರೆ, ಅಭ್ಯಾಸ ಮುಗಿದ ಮೇಲೂ ಎರಡು ಕಾಣುತ್ತದೆ ಅಂದರೆ ನಿಲ್ಲಿಸಿ ಫೋನ್ ಮಾಡಿ.

ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸುವ ಆಟಗಳೂ ಈಗ ಬಂದಿವೆ. ಅಂಥ ಒಂದು ಸಾಧನ, ಲುಮಿನೋಪಿಯ, 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಅನುಮತಿ ಪಡೆಯಿತು. ಆದರೆ ಅನುಮತಿ ಸಿಕ್ಕಿದ್ದು ಸೋಮಾರಿ ಕಣ್ಣಿನ ದೃಷ್ಟಿಗೆ, ಆಳದ ನೋಟಕ್ಕಲ್ಲ. ಕೆಂಪು ನೀಲಿ ಕನ್ನಡಕ ಕೊಟ್ಟು ಸಾವಿರಗಟ್ಟಲೆ ವಸೂಲು ಮಾಡುವವರು "ನೂರಕ್ಕೆ ನೂರು ತ್ರೀಡಿ ಬರುತ್ತದೆ" ಅಂದರೆ ನಮಸ್ಕಾರ ಹೇಳಿ ಬನ್ನಿ.

ಕೈಗೆ ಕೊಡುವ ಅಭ್ಯಾಸ

ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ಇದು ಕಣ್ಣಿಗೆ ಮದ್ದಲ್ಲ, ಕೈಗೆ ಅಭ್ಯಾಸ. ಆಳದ ನೋಟ ಕಡಿಮೆ ಇರುವ ಮಕ್ಕಳು ಮಣಿ ಪೋಣಿಸುವಂಥ ಕೆಲಸದಲ್ಲಿ ನಿಧಾನ. ಮಾಡುತ್ತಾ ಮಾಡುತ್ತಾ ಕೈ ಕಲಿಯುತ್ತದೆ, ಎರಡೂ ಕಣ್ಣು ತೆರೆದೇ ಇರುವುದರಿಂದ ಕಣ್ಣಿಗೂ ಕೆಲಸ ಸಿಗುತ್ತದೆ.

ನಮ್ಮ ಮನೆಯಲ್ಲಿ ಗೆದ್ದದ್ದು ಕೇಪಳ ಹೂ. ಒಂದು ಹೂವಿನ ಸಪೂರ ಕೊಳವೆಯನ್ನು ಇನ್ನೊಂದರ ಬಾಯಿಗೆ ತೂರಿಸಿ ಸರ ಮಾಡುವುದು. ಮೊದಲ ವಾರ ಅವಳು ಎಡಗೈ ಬೆರಳಿನಲ್ಲಿ ತಡವಿ ತಡವಿ ಬಾಯಿ ಹುಡುಕುತ್ತಿದ್ದಳು, ಹೂಗಳೆಲ್ಲ ಜಜ್ಜಿ ಹೋಗುತ್ತಿದ್ದವು. ಎರಡು ತಿಂಗಳಾಗುವಾಗ ದೇವರ ಪಟಕ್ಕೆ ಹಾಕುವಷ್ಟು ಉದ್ದದ ಸರ. ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಇಳಿಸಿದೆವು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು. ನಮ್ಮ ನಿಯಮ ಒಂದೇ: ಕಾಳನ್ನು ಗುಳಿಯೊಳಗೆ ಇಡುವ ಹಾಗಿಲ್ಲ, ನಾಲ್ಕು ಬೆರಳು ಮೇಲಿನಿಂದ ಬಿಡಬೇಕು. ಗಿಂಡಿ ಮತ್ತು ಲೋಟ ಅಂಗಳಕ್ಕೆ ಹೋಯಿತು, ಗಿಡಕ್ಕೆ ನೀರೂ ಆಯಿತು.

ಬಾಲಿಗೆ ಅವಸರ ಬೇಡ. ಜಂತಿಗೆ ದಾರ ಕಟ್ಟಿ ಸ್ಪಂಜಿನ ಬಾಲು ತೂಗುಬಿಡಿ. ಮೊದಲು ಪಕ್ಕದಿಂದ ಪಕ್ಕಕ್ಕೆ ತೂಗಲಿ, ಮಗು ಬೆರಳಿನಲ್ಲಿ ಮುಟ್ಟಲಿ. ಅದು ಸಲೀಸಾದ ಮೇಲೆ ಮಗುವಿನ ಕಡೆಗೆ ಬಂದು ಹೋಗುವ ಹಾಗೆ ತೂಗಿ. ಕಷ್ಟದ್ದು ಇದೇ, ಮುಖಕ್ಕೆ ನೇರ ಬರುವ ಬಾಲು. ಆಮೇಲೆ ನೆಲದಲ್ಲಿ ಉರುಳಿಸಿ ಹಿಡಿಯುವುದು, ಕೊನೆಗೆ ಎಸೆದು ಹಿಡಿಯುವುದು. ಹಳದಿಯೋ ಕಿತ್ತಳೆಯೋ ಬಣ್ಣ ಇದ್ದರೆ ತೋಟದ ಹಸಿರಿನ ನಡುವೆ ಎದ್ದು ಕಾಣುತ್ತದೆ.

ಒಂದೇ ಕಣ್ಣಿನ ಗುಟ್ಟುಗಳು

ಆಳದ ನೋಟ ಬಾರದೇ ಹೋದರೆ? ಆಗಲೂ ಮಗು ಗೋಡೆಗೆ ಡಿಕ್ಕಿ ಹೊಡೆಯುವುದಿಲ್ಲ. ಒಂದು ಕಣ್ಣಿಗೂ ದೂರ ಹೇಳುವ ಗುರುತುಗಳು ಬೇಕಾದಷ್ಟಿವೆ. ಎದುರಿನ ವಸ್ತು ಹಿಂದಿನದ್ದನ್ನು ಮರೆ ಮಾಡುತ್ತದೆ. ದೂರದ ಅಡಿಕೆ ಮರ ಸಣ್ಣದಾಗಿ ಕಾಣುತ್ತದೆ. ನೆರಳು ಬಿದ್ದ ಜಾಗ ನೋಡಿದರೆ ಹಕ್ಕಿ ನೆಲದಿಂದ ಎಷ್ಟು ಮೇಲಿದೆ ಅಂತ ಗೊತ್ತಾಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬ ಓಡುತ್ತದೆ, ದೂರದ ಗುಡ್ಡ ನಿಧಾನಕ್ಕೆ ಬರುತ್ತದೆ. ಇವನ್ನು ಮಾತಿನಲ್ಲಿ ಹೇಳಿಕೊಡಿ. ಮೆಟ್ಟಿಲ ಮುಂದೆ ನಿಂತು ತಲೆಯನ್ನು ಸ್ವಲ್ಪ ಆಚೀಚೆ ಮಾಡಿ ನೋಡುವುದು, ಲೋಟದ ಅಂಚಿಗೆ ಗಿಂಡಿಯ ಕೊಕ್ಕು ತಾಗಿಸಿಯೇ ಎರೆಯುವುದು, ಎರಡೂ ಕಲಿಸಬಹುದಾದ ಅಭ್ಯಾಸ.

ರಸ್ತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಎನ್‌ಎಚ್ 66 ದಾಟುವಾಗ ದೂರದ ಲಾರಿಯನ್ನು ಅಂದಾಜು ಮಾಡಲು ನಾವೆಲ್ಲರೂ ಹೆಚ್ಚಾಗಿ ಈ ಒಂಟಿ ಕಣ್ಣಿನ ಗುರುತುಗಳನ್ನೇ ನಂಬುವುದು. ಆಳದ ನೋಟ ಜಾಸ್ತಿ ಬೇಕಾಗುವುದು ಕೈಗೆಟುಕುವ ಜಾಗದಲ್ಲಿ: ಸೂಜಿ, ಲೋಟ, ಮೆಟ್ಟಿಲು, ಬಾಲು. ಹಾಗಾಗಿ ಮನೆಯನ್ನೇ ಸ್ವಲ್ಪ ತಿದ್ದಿದೆವು. ಮುರಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಒಂದೇ ಬಣ್ಣ, ಎಲ್ಲಿ ಮುಗಿಯಿತು ಅಂತ ನಮಗೇ ತಿಳಿಯುವುದಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೆ ಬಿಳಿ ಪೈಂಟಿನ ಪಟ್ಟೆ ಎಳೆದೆವು. ಸ್ಟೀಲ್ ಲೋಟದ ಬದಲು ಬಣ್ಣದ ಲೋಟ ಬಂತು.

ಶಾಲೆಯಲ್ಲಿ ಟೀಚರಿಗೆ ಒಂದು ಚೀಟಿ ಬರೆದುಕೊಡಿ: ಮಗುವಿನ ಕಣ್ಣಿಗೆ ಅಂದಾಜು ಕಡಿಮೆ, ಬಾಲು ತಪ್ಪಿದರೆ ನಗಬೇಡಿ, ಕನ್ನಡಕ ಇಳಿಸಲು ಬಿಡಬೇಡಿ. ಡ್ರಿಲ್ ಮಾಸ್ಟ್ರಿಗೂ ಒಂದು ಪ್ರತಿ.

ಇನ್ನೊಂದು ವಿಷಯ, ನಾನು ಇದರಲ್ಲಿ ಸ್ವಲ್ಪ ಹಟಮಾರಿ. ಒಂದು ಕಣ್ಣು ಹಿಂದೆ ಬಿದ್ದ ಮಗುವಿಗೆ ಮುಂದಿರುವ ಕಣ್ಣೇ ಆಸ್ತಿ. ಕನ್ನಡಕಕ್ಕೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸನ್ನೇ ಕೇಳಿ, ಒಡೆದು ಕಣ್ಣಿಗೆ ಚುಚ್ಚುವ ಭಯ ಕಡಿಮೆ. ಬಿಲ್ಲುಬಾಣದ ಆಟ ಬೇಡವೇ ಬೇಡ. ವಿಷುವಿಗೆ ಪಟಾಕಿ ಹೊಡೆಯುವಾಗ ನಮ್ಮವಳು ಚಾವಡಿಯ ಒಳಗೆ. ಅವಳ ಮಾವನ ಮಕ್ಕಳು ಎಷ್ಟು ಕರೆದರೂ ಸರಿ.

ಮರಳಿ ತೋರಿಸುವುದು

ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯಾದರೂ ತೋರಿಸುವುದು ಒಳ್ಳೆಯದು, ಎಷ್ಟು ಅಂತರ ಅನ್ನುವುದನ್ನು ಡಾಕ್ಟರೇ ಹೇಳಲಿ. ಪ್ರತಿ ಸಲ ನಾಲ್ಕು ವಿಷಯ ಪುಸ್ತಕದಲ್ಲಿ ಬರೆಸಿಕೊಳ್ಳಿ: ಎರಡು ಕಣ್ಣಿನ ದೃಷ್ಟಿ ಬೇರೆ ಬೇರೆಯಾಗಿ, ಕನ್ನಡಕದ ಪವರ್, ಮೆಳ್ಳೆ ಇದೆಯೇ, ಸ್ಟೀರಿಯೊ ಸಂಖ್ಯೆ ಮತ್ತು ಅದು ಯಾವ ಟೆಸ್ಟಿನದ್ದು. ನೊಣದ ಪುಸ್ತಕದ 200ನ್ನು ಬೇರೆ ಟೆಸ್ಟಿನ 200ಕ್ಕೆ ಹೋಲಿಸಲಾಗದು, ಹಾಗಾಗಿ ಟೆಸ್ಟಿನ ಹೆಸರು ಮುಖ್ಯ. ಕಣ್ಣು ಹೊಸದಾಗಿ ವಾಲಿದರೆ, ಎರಡೆರಡು ಕಾಣುತ್ತದೆ ಅಂದರೆ, ಬಿಸಿಲಿನಲ್ಲಿ ಒಂದು ಕಣ್ಣು ಮುಚ್ಚಲು ಶುರು ಮಾಡಿದರೆ ತಾರೀಖಿಗೆ ಕಾಯಬೇಡಿ.

ನಮ್ಮವಳದ್ದು 400ರಿಂದ ಒಂದು ವರ್ಷದಲ್ಲಿ 140ಕ್ಕೆ ಬಂತು. ಕೇಪಳದಿಂದಲೋ, ದಾರದಿಂದಲೋ, ಬರೀ ಕನ್ನಡಕದಿಂದಲೋ, ನಾನು ಹೇಳಲಾರೆ. 40 ಆಗುತ್ತದಾ ಅಂತ ಕೇಳಿದ್ದಕ್ಕೆ ಡಾಕ್ಟರು ಭುಜ ಕುಣಿಸಿ, "ಆದರೆ ಆಯ್ತು" ಅಂದರು. ಸಂಕಕ್ಕೆ ಅವಳ ಅಜ್ಜ ಬಿದಿರಿನ ಒಂದು ಕೈಹಿಡಿ ಕಟ್ಟಿಕೊಟ್ಟಿದ್ದಾರೆ. ಈಗ ಅದನ್ನು ಹಿಡಿದು ನಿಂತುಕೊಂಡೇ ದಾಟುತ್ತಾಳೆ. ನಡುವೆ ಒಮ್ಮೆ ನಿಂತು, ತಲೆ ಆಚೀಚೆ ಮಾಡಿ, ಕೆಳಗಿನ ನೀರು ನೋಡಿಕೊಳ್ಳುತ್ತಾಳೆ.